ಕಳಿಸುವವರ ಹೆಸರು

ಮೊದಲ ದಿನ ತಂದದ್ದು ಒಂದೇ ಪೊಟ್ಟಣ.
ತಕ್ಕಡಿಯ ಮೇಲಿಟ್ಟಳು, ನಿದ್ದೆ ಹೋದ ಮಗುವನ್ನು ಇಳಿಸುವ ಹಾಗೆ.
ಒಂದು ಕಿಲೋ ಇನ್ನೂರು.
ಒಳಗೇನಿದೆ? ಕೇಳಲೇಬೇಕಾದ ಪ್ರಶ್ನೆ, ಕೇಳಿದೆ.
'ಕೈಗಡಿಯಾರ. ನಾನೇ ಪರೀಕ್ಷೆ ಮಾಡಿದ್ದು,'
ಅಂದಳು ಮೋರೀನ್ ಹೆಬ್ಡನ್, ತುಸು ನೆಟ್ಟಗಾಗಿ,
'ಕೆಲಸ ಸಿಕ್ಕಿದೆ ನನಗೆ. ಮನೆಯಿಂದಲೇ.'

ಗೂಲ್ ಸಣ್ಣ ಊರು. ಸಮುದ್ರ ಎಲ್ಲೋ ದೂರ,
ಹಡಗು ಮಾತ್ರ ಬೀದಿಯ ಕೊನೆಗೆ ಬಂದು ನಿಲ್ಲುತ್ತದೆ.
ಎರಡು ನೀರಿನ ಗೋಪುರಗಳಿಗೆ ಜನ ಇಟ್ಟ ಹೆಸರು
ಉಪ್ಪಿನ ಡಬ್ಬಿ, ಮೆಣಸಿನ ಡಬ್ಬಿ.
ಅವುಗಳ ಕೆಳಗೆ ಯಾರ ಊಟದ ವಿಷಯವೂ ಗುಟ್ಟಲ್ಲ.
ಹಾಸಿಗೆ ಕಾರ್ಖಾನೆ ಮುಚ್ಚಿದ್ದು ಮಾರ್ಚಿನಲ್ಲಿ.
ಹತ್ತೊಂಬತ್ತು ವರ್ಷ ಅಲ್ಲಿ ಅವಳದು ಪ್ಯಾಕಿಂಗು.
ಆಮೇಲೆ ನನ್ನ ಅಂಗಡಿಗೆ ಬಂದರೆ
ಹಾಲಿನ ಬಾಟಲಿಗಳ ತಾರೀಕು ಓದಿ ಓದಿ
ಅರ್ಧ ಬೆಲೆಯದನ್ನೇ ಹುಡುಕಿ ಒಯ್ಯುವಳು.

ಎರಡನೆಯ ವಾರ ದಿನಕ್ಕೆ ಎರಡು. ಮೂರನೆಯ ವಾರ
ಮೊಮ್ಮಗನ ಹಳೆಯ ತಳ್ಳುಗಾಡಿಯ ತುಂಬ.
ಫೋನು, ಸೆಂಟು, ಒಂದು ಸಲ
ಯಾರದೋ ಮದುವೆಗಿರಬೇಕು, ಬಿಳಿ ಬೂಟು.
ಬಂದದ್ದು ಬಿಚ್ಚು, ಫೋಟೋ ತೆಗಿ,
ಹಳೆ ಚೀಟಿ ಕಿತ್ತು ಹೊಸದು ಅಂಟಿಸು.
ಟೇಪಿನ ತುದಿಯನ್ನು ಪ್ರತಿ ಸಲವೂ ಒಂದಿಷ್ಟು ಮಡಚಿಡುವಳು,
ಬಿಚ್ಚುವವರ ಉಗುರಿಗೆ ನೋವಾಗಬಾರದು.
ಮ್ಯಾನೇಜರು ಬಲು ಒಳ್ಳೆಯವನಂತೆ. ಮುಖ ಕಂಡಿಲ್ಲ.
ದಿನಾ ಬೆಳಿಗ್ಗೆ ಬರೆಯುತ್ತಾನೆ: ಮೋರೀನ್, ಮೊಣಕಾಲು ಹೇಗಿದೆ?
'ಹತ್ತೊಂಬತ್ತು ವರ್ಷದಲ್ಲಿ ಅಲ್ಲಿ ಯಾರೂ ಕೇಳಿರಲಿಲ್ಲ.'
ನಾನು ಮುದ್ರೆ ಒತ್ತುತ್ತಿದ್ದೆ.
ಸಂಬಳ ಮೂವತ್ತನೆಯ ದಿನಕ್ಕೆ.

ಒಪ್ಪಿಕೊಳ್ಳುತ್ತೇನೆ, ವಿಳಾಸ ಎಲ್ಲ ಒಂದೇ
ಎಂದು ನನ್ನ ಕಣ್ಣಿಗೆ ಬಿದ್ದಿತ್ತು.
ಹಿಂದೆ ಸಾಲು ಉದ್ದವಿತ್ತು.
ಗಾಜಿಗೆ ಅಂಟಿಸಿದ ಎಚ್ಚರಿಕೆಯ ಹಾಳೆ
ಹುಟ್ಟುಹಬ್ಬದ ಕಾರ್ಡುಗಳ ಸ್ಟ್ಯಾಂಡಿನ ಮರೆಯಲ್ಲಿ
ಮೂಲೆ ಸುರುಳಿ ಸುತ್ತಿತ್ತು.
ಆ ಸ್ಟ್ಯಾಂಡನ್ನು ಅಲ್ಲಿಟ್ಟವಳು ನಾನೇ.

ಇಪ್ಪತ್ತೊಂಬತ್ತನೆಯ ದಿನ ಅವಳ ಖಾತೆಗೆ
ಮೂರು ಸಾವಿರದ ನಾನೂರು ಪೌಂಡು.
ಒಂದು ದಿನ ಮೊದಲೇ!
ಹಿಂದೆಯೇ ಒಂದು ಸಾಲು: ಲೆಕ್ಕದವರ ತಪ್ಪು,
ನಿಮ್ಮ ಸಾವಿರದ ಇನ್ನೂರು ಇಟ್ಟುಕೊಂಡು
ಉಳಿದದ್ದನ್ನು ಈ ಖಾತೆಗೆ ಹಾಕಿಬಿಡಿ.
ಪರರ ದುಡ್ಡು ಒಂದು ರಾತ್ರಿಯೂ ತನ್ನಲ್ಲಿರಬಾರದೆಂದು
ಹಾಕಿದ ಮೇಲೆಯೇ ದೀಪ ಆರಿಸಿದಳು.
ಗಾಳಕ್ಕೆ ಸಿಕ್ಕಿದ್ದು ಆ ನಿಯತ್ತೇ.

ಮರುದಿನ ಹಾಲು, ಬ್ರೆಡ್ಡು, ಬೆಕ್ಕಿಗೊಂದು ಡಬ್ಬಿ ಮೀನು.
ಯಂತ್ರ ಬೇಡವೆಂದಿತು. ಇನ್ನೊಮ್ಮೆ. ಬೇಡ.
ಕಾರ್ಡನ್ನು ಸ್ವೆಟರಿನ ತೋಳಿಗೆ ಉಜ್ಜಿ ಮತ್ತೊಮ್ಮೆ.
ಒಯ್ಯಿರಿ, ನಾಳೆ ಕೊಟ್ಟರಾಯಿತು ಅಂದೆ.
ಬೆಕ್ಕಿನದ್ದಷ್ಟೇ ಒಯ್ದಳು.

ಪೊಲೀಸರು ನನ್ನ ರಸೀದಿಗಳನ್ನೂ ಕೇಳಿದರು.
ಅರವತ್ತೊಂದು ಪೊಟ್ಟಣ, ಅರವತ್ತೊಂದು ಸಲ ನನ್ನ ಮುದ್ರೆ,
ಎಲ್ಲದರ ಬೆನ್ನಿಗೂ ಶಾಲೆಯ ಹುಡುಗಿಯ ದುಂಡು ಅಕ್ಷರದಲ್ಲಿ
ಅವಳ ಹೆಸರು, ಅವಳ ಮನೆಯ ನಂಬರು.
ಕದ್ದವರದು ಎಲ್ಲೂ ಇಲ್ಲ.
ಎಳೆ ಮೀಸೆಯ ಪೊಲೀಸ್ ಬರೆದುಕೊಂಡ ಪದ, ಮ್ಯೂಲ್.
ನನ್ನ ತಲೆ ತನ್ನಷ್ಟಕ್ಕೇ ಅದನ್ನು ಕನ್ನಡಕ್ಕೆ ತಿರುವಿತು:
ಹೇಸರಗತ್ತೆ.
ಹೆಸರಿಗೂ ಹೇಸರಕ್ಕೂ ನಡುವೆ ಒಂದು ದೀರ್ಘ,
ನಮ್ಮ ಮೇಷ್ಟ್ರು ಕೆಂಪು ಶಾಯಿಯಲ್ಲಿ
ಸುತ್ತು ಹಾಕುತ್ತಿದ್ದ ಆ ಸಣ್ಣ ಗೀಟು.

ಡಿಸೆಂಬರಿನಲ್ಲಿ ಬಂದಳು. ಯಾವ ಬ್ಯಾಂಕೂ
ಇನ್ನೂ ಖಾತೆ ಕೊಟ್ಟಿಲ್ಲ.
ಬ್ರಿಡ್ಲಿಂಗ್ಟನ್ನಿನ ತಂಗಿಗೆ ಒಂದು ಕಾರ್ಡು.
ಲಕೋಟೆ ಬೋರಲು ಹಾಕಿ, ಪೆನ್ನು ಹಿಡಿದು, ನಿಂತಳು.
'ಕಳಿಸುವವರ ಹೆಸರು ಹಾಕಲೇಬೇಕೆ?'
ಬೇಡ ಅಂದೆ.
ಸರಪಳಿಯ ಪೆನ್ನು ಗಾಜಿಗೆ ಬಡಿದು ತೂಗಾಡಿತು.
ಇಪ್ಪತ್ತೆರಡು ಗ್ರಾಂ.
ಚಿಲ್ಲರೆ ಎಣಿಸಿಟ್ಟಳು, ಒಂದೊಂದಾಗಿ,
ಅವತ್ತಿನ ಡಬ್ಬಿ ಮೀನಿನದ್ದೂ ಸೇರಿಸಿ.